ಒಂದು ಪ್ರಶ್ನೆಯ ಋಣ

ಹಣದ ಸಾಲಕ್ಕಿಂತಲೂ ಹೆಚ್ಚಾಗಿ ಕಾಡುವ ಸಾಲಗಳು ಮನುಷ್ಯನಿಗೆ ಬೇರೆ ಇವೆ. ಪಾಠ ಹೇಳುತ್ತಲೇ ಕೂದಲು ನರೆತ ನನ್ನಂಥವನಿಗೆ, ಉತ್ತರ ಕೊಡದೆ ಉಳಿಸಿಕೊಂಡ ಪ್ರಶ್ನೆಗಳೇ ಅಂಥ ಸಾಲ. ಅವುಗಳಲ್ಲೊಂದನ್ನು ತೀರಿಸಲು ನನಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

1986ನೆಯ ಇಸವಿಯ ಮಾತು. ನಾನಾಗ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪಾಧ್ಯಾಯ. ಅಂದು ಕೋಶವಿಭಜನೆಯ ಪಾಠ. ಬಣ್ಣದ ಸೀಮೆಸುಣ್ಣದಿಂದ ವರ್ಣತಂತುಗಳನ್ನು ಸಾಲಾಗಿ ನಿಲ್ಲಿಸಿ, ಇಬ್ಭಾಗ ಮಾಡಿ, ಎರಡು ಧ್ರುವಗಳಿಗೆ ಸಾಗಿಸಿ, ಕಡೆಗೆ ನಡುವೆ ಒಂದು ಗೆರೆಯೆಳೆದು, "ಇಲ್ಲಿಗೆ ಒಂದು ಎರಡಾಯಿತು" ಎಂದೆ. ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ಒಂದು ಎರಡಾದರೆ ಹೊದಿಕೆ ಹೆಚ್ಚು ಬೇಕಲ್ಲವೆ? ಅದು ಎಲ್ಲಿಂದ ಬರುತ್ತದೆ?"

ನನಗೆ ತಿಳಿದಿರಲಿಲ್ಲ, ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. "ಪರೀಕ್ಷೆಗೆ ಬರುವುದನ್ನು ಕೇಳಮ್ಮ, ಕೂತುಕೋ" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಅವಳು ಕುಳಿತಳು.

ನಿವೃತ್ತನಾದ ಮೇಲೆ ಒಂದು ಯುಗಾದಿಯ ದಿನ ನನ್ನಾಕೆ ಹೋಳಿಗೆಗೆಂದು ಹೂರಣದ ಉಂಡೆ ಕಟ್ಟುತ್ತಿದ್ದಳು. ಮೊಮ್ಮಕ್ಕಳಿಗೆ ಪುಟ್ಟ ಹೋಳಿಗೆಯೇ ಆಗಬೇಕೆಂದು ಒಂದೊಂದು ಉಂಡೆಯನ್ನೂ ಎರಡಾಗಿ ಮಾಡಿದಳು. ಹೂರಣವೇನೋ ಅಷ್ಟೇ; ಕಣಕ ಮಾತ್ರ ಸಾಲದೆ ಹೋಯಿತು. "ನೋಡಿದಿರಾ, ಉಂಡೆ ಸಣ್ಣದಾದಷ್ಟೂ ಕಣಕ ಹೆಚ್ಚು ಬೇಡುತ್ತದೆ" ಎಂದಳು. ಥಟ್ಟನೆ ಆ ಹುಡುಗಿಯ ಮುಖ ಕಣ್ಣೆದುರು ನಿಂತಿತು. ಕಾಗದ ತೆಗೆದು ಲೆಕ್ಕ ಹಾಕಿದೆ: ಒಂದು ಗೋಲವನ್ನು ಸಮನಾದ ಎರಡು ಗೋಲಗಳಾಗಿ ಮಾಡಿದರೆ ಹೊದಿಕೆ ಶೇಕಡ 26ರಷ್ಟು ಹೆಚ್ಚು ಬೇಕು!

ಅಂದಿನಿಂದ ಮತ್ತೆ ವಿದ್ಯಾರ್ಥಿಯಾದೆ. ಕೋಶದ ಪೊರೆಯ ಮೈಯೆಲ್ಲ ಮುಖ್ಯವಾಗಿ ಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳದು. ಅವು ಎರಡು ಪದರಗಳಾಗಿ ನಿಲ್ಲುತ್ತವೆಂದು 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳನ್ನು ಪರೀಕ್ಷಿಸಿ ಸಾರಿದರು. ಆ ಜೋಡಿ ಪದರದ ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು. ಕಣಕವನ್ನು ಲಟ್ಟಿಸಿದಂತೆ ಇದನ್ನು ಹಿಗ್ಗಿಸುವಂತಿಲ್ಲ. ನೂರಕ್ಕೆ ನಾಲ್ಕೈದು ಪಾಲು ಹಿಗ್ಗುವಷ್ಟರಲ್ಲಿ ಹರಿದೀತು. ಆದ್ದರಿಂದಲೇ ಕೋಶವು ತನ್ನ ಮೈಮೇಲಿನ ಮಡಿಕೆಗಳನ್ನು ಬಿಡಿಸಿಕೊಳ್ಳುತ್ತದೆ. ಒಳಗಿನಿಂದ ಪುಟ್ಟ ಪೊರೆಚೀಲಗಳನ್ನು ಸೀಳಿನ ಬಳಿಗೆ ಸಾಗಿಸಿ, ಹಳೆಯ ಪೊರೆಗೆ ಬೆಸೆಯುತ್ತದೆ. ಹುಡುಗಿಯ ಪ್ರಶ್ನೆಗೆ ಇದು ಉತ್ತರ.

ಆದರೆ ಪೊರೆ ಬರಿಯ ಹೊದಿಕೆಯಲ್ಲವೆಂಬುದು ಆಮೇಲೆ ತಿಳಿಯಿತು. ವಿಭಜನೆಯ ವೇಳೆ ಪ್ರಾಣಿಕೋಶದ ನಡುವಿಗೆ ಪ್ರೋಟೀನಿನ ಉಂಗುರವೊಂದು ಉಡಿದಾರದಂತೆ ಬಿಗಿಯುತ್ತದೆ. ಅದು ಪೊರೆಗೆ ಅಂಟಿ ನಿಲ್ಲಲು ಒಂದು ಬಗೆಯ ಲಿಪಿಡ್ ನೆರವಾದರೆ, ಕೆಲಸ ಮುಗಿದ ಮೇಲೆ ಸಡಿಲಗೊಳ್ಳಲು ಮತ್ತೊಂದು ಬೇಕು. ಸಾಮಾನ್ಯವಾಗಿ ಒಳಪದರದಲ್ಲಿರುವ ಫಾಸ್ಫಟೈಡಿಲ್ ಎಥನೋಲಮೈನ್ ಆ ಹೊತ್ತಿನಲ್ಲಿ ಸೀಳಿನ ಬಳಿ ಹೊರಪದರಕ್ಕೆ ಮಗುಚಿಕೊಳ್ಳುತ್ತದೆ. 2000ನೆಯ ಇಸವಿಯಲ್ಲಿ ಜಪಾನಿನ ಎಮೊಟೊ ಮತ್ತು ಉಮೆಡಾ, ಅದು ಮತ್ತೆ ಚಲಿಸದಂತೆ ಕಟ್ಟಿಹಾಕಿದ ಪ್ರಯೋಗವನ್ನು ಪ್ರಕಟಿಸಿದರು. ಉಂಗುರ ಸಡಿಲಲಿಲ್ಲ; ಮರಿಕೋಶಗಳೆರಡೂ ಒಂದು ಕಿರುಸೇತುವೆಯಿಂದ ಬಂಧಿತವಾಗಿ, ಬೇರೆಯಾಗಲಾರದೆ ನಿಂತವು. ಕಟ್ಟು ಬಿಡಿಸಿದಾಗ ಬೇರೆಯಾದವು. 2014ರಲ್ಲಿ ಉಲ್ರಿಕೆ ಎಗರ್ಟ್ ಮತ್ತು ಸಂಗಡಿಗರು, ವಿಭಜನೆಯಲ್ಲಿ ತೊಡಗಿದ ಕೋಶಗಳಲ್ಲಿ 11 ಲಿಪಿಡ್‌ಗಳು ವಿಶೇಷವಾಗಿ ಶೇಖರವಾಗುವುದನ್ನು ತೋರಿಸಿದರು.

ನಾನು ಗದರಿ ಕೂರಿಸಿದ ದಿನ ಈ ಸಂಗತಿಗಳಲ್ಲಿ ಹೆಚ್ಚಿನವು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಹಳ್ಳಿಯಿಂದ ಬಂದ ಆ ಹುಡುಗಿ, ಪಂಡಿತರು ಇನ್ನೂ ಹುಡುಕುತ್ತಿದ್ದುದನ್ನೇ ಕೇಳಿದ್ದಳು!

ಕಳೆದ ವರ್ಷ ಒಂದು ಮದುವೆಯ ಮನೆಯಲ್ಲಿ ಅವಳೇ ಬಂದು ನಮಸ್ಕರಿಸಿದಳು. ತಲೆಯಲ್ಲಿ ಬೆಳ್ಳಿಗೂದಲು ಇಣುಕುತ್ತಿತ್ತು. ನಾನು ಸಡಗರದಿಂದ ಹೂರಣ, ಕಣಕ, ಲಿಪಿಡ್ ಎಲ್ಲವನ್ನೂ ವಿವರಿಸಿದೆ. ಸಾವಧಾನದಿಂದ ಕೇಳಿ ನಸುನಕ್ಕಳು.

"ಆ ಪ್ರಶ್ನೆ ನನಗೆ ಮರೆತೇಹೋಗಿತ್ತು, ಸಾರ್. ಎಲ್ಲರೂ ನಕ್ಕದ್ದು ಮಾತ್ರ ನೆನಪಿದೆ. ಅದಾದಮೇಲೆ ನಾನು ಯಾವ ತರಗತಿಯಲ್ಲಿಯೂ ಎದ್ದು ನಿಲ್ಲಲಿಲ್ಲ."

ಅಸಲು ತೀರಿತೆಂದು ಹಿಗ್ಗಿದ್ದೆ. ಬಡ್ಡಿಯ ಲೆಕ್ಕ ಅಂದು ತಿಳಿಯಿತು.