ಪಂಪ್ ಹಾಕಿದ್ರಾ?

ಅಕ್ವೇರಿಯಂನ ಮೀನುಗಳಿಗೆ ಆಹಾರ ಹಾಕುವಾಗ ಫಿಲ್ಟರಿನ ಪಂಪನ್ನು ಕೆಲವು ನಿಮಿಷ ನಿಲ್ಲಿಸುವುದು ಒಳ್ಳೆಯದು. ಇಲ್ಲದಿದ್ದರೆ ನೀರಿನ ಸೆಳೆತಕ್ಕೆ ಸಿಕ್ಕ ಕಾಳು ಮೀನಿನ ಬಾಯಿ ತಪ್ಪಿಸಿಕೊಂಡು ಫಿಲ್ಟರಿನ ಸ್ಪಂಜು ಸೇರುತ್ತದೆ. ಅಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಆದರೆ ನಿಲ್ಲಿಸಿದ ಪಂಪನ್ನು ಮತ್ತೆ ಹಾಕಲೇಬೇಕು. ಸ್ಪಂಜಿನಲ್ಲಿ ಮನೆಮಾಡಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಅದಕ್ಕೆ ಬೇಕಾದ ಆಮ್ಲಜನಕ ಬರುವುದು ಹರಿಯುವ ನೀರಿನಿಂದ. ಹತ್ತು ನಿಮಿಷ ನಿಂತರೆ ಏನೂ ಆಗದು. ಮೀನು ತುಂಬಿದ ತೊಟ್ಟಿಯಲ್ಲಿ ರಾತ್ರಿಯಿಡೀ ನಿಂತರೆ ಕಷ್ಟ.

ನಮ್ಮ ಮನೆಯಲ್ಲಿ ಮೀನು ಅಪ್ಪನ ಖಾತೆ. ನಿವೃತ್ತಿಯಾದ ಮೇಲೆ ಅವರು ದಿನಾ ಸಂಜೆ ಪಂಪ್ ನಿಲ್ಲಿಸಿ, ಚಿಟಿಕೆ ಚಿಟಿಕೆಯಾಗಿ ಕಾಳು ಉದುರಿಸಿ, ಗಪ್ಪಿಗಳು ತಿನ್ನುವುದನ್ನು ನೋಡುತ್ತ ಕೂರುತ್ತಾರೆ. ಅಷ್ಟರಲ್ಲಿ ಫೋನು, ಇಲ್ಲವೇ ಬಾಗಿಲಲ್ಲಿ ಯಾರೋ. ಒಳಗಿನಿಂದ ಅಮ್ಮನ ಪ್ರಶ್ನೆ: "ಪಂಪ್ ಹಾಕಿದ್ರಾ?" ಅವರು ನಿಜಕ್ಕೂ ಮರೆತದ್ದು ಎರಡೇ ಸಲ. ಆಮೇಲೆ ನೆನಪಿಟ್ಟುಕೊಂಡ ದಿನವೂ ಪ್ರಶ್ನೆ ತಪ್ಪಲಿಲ್ಲ. "ಹಾಕಿದೀನಿ ಕಣೇ" ಎನ್ನುವ ದನಿ ಬರಬರುತ್ತ ಸಣ್ಣದಾಯಿತು. ಆಹಾರ ಹಾಕುವ ಯಂತ್ರವನ್ನೇ ತರೋಣ ಎಂದ ತಮ್ಮ. ಅಪ್ಪ ಏನೂ ಹೇಳಲಿಲ್ಲ. ಅದು ಬಂದಿದ್ದರೆ ಮರೆವಿನ ಜೊತೆಗೆ ಅವರ ಸಂಜೆಯೂ ಹೋಗುತ್ತಿತ್ತು.

ಕೈಕೆಲಸವನ್ನು ಅವರಿಗೇ ಬಿಟ್ಟು, ನೆನಪಿನ ಕೆಲಸವನ್ನಷ್ಟೇ ವಹಿಸಿಕೊಳ್ಳುವ ಉಪಕರಣ ನನಗೆ ಬೇಕಿತ್ತು. ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ವಿನ್ಯಾಸ ಮಾಡಿದ 555 ಎಂಬ ಚಿಪ್ ಸಾಕಾಯಿತು. ಅದರ ಲೆಕ್ಕ ಹಳೆಯ ಗಳಿಗೆ ಬಟ್ಟಲನ್ನು ನೆನಪಿಸುತ್ತದೆ. ತಳದಲ್ಲಿ ಸಣ್ಣ ತೂತಿರುವ ಆ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ 24 ನಿಮಿಷಕ್ಕೆ ತುಂಬಿ ಮುಳುಗುತ್ತದೆ. ಅಲ್ಲಿಗೆ ಒಂದು ಗಳಿಗೆ. ಇಲ್ಲಿ ಕೆಪಾಸಿಟರೇ ಬಟ್ಟಲು, ರೆಸಿಸ್ಟರೇ ತೂತು. 470 ಮೈಕ್ರೋಫ್ಯಾರಡ್, 1 ಮೆಗಾಓಮ್; ಎರಡನ್ನೂ ಗುಣಿಸಿ, ಮತ್ತೆ 1.1ರಿಂದ ಗುಣಿಸಿದರೆ 517 ಸೆಕೆಂಡು, ಎಂಟೂವರೆ ನಿಮಿಷಕ್ಕೆ ತುಸು ಹೆಚ್ಚು. ಗುಂಡಿ ಒತ್ತಿದರೆ ರಿಲೇ ಪಂಪನ್ನು ನಿಲ್ಲಿಸುತ್ತದೆ. ಬಟ್ಟಲು ತುಂಬಿದಾಗ ತಾನೇ ಬಿಟ್ಟುಕೊಡುತ್ತದೆ.

ಹೆಚ್ಚು ಯೋಚಿಸಿದ್ದು ರಿಲೇಯ ಜೋಡಣೆಗೆ. ಅದರಲ್ಲಿ ಎರಡು ದಾರಿಗಳಿವೆ: ಒಂದು ರಿಲೇ ಸುಮ್ಮನಿದ್ದಾಗ ಕೂಡಿರುವಂಥದ್ದು, ಇನ್ನೊಂದು ಅದಕ್ಕೆ ಕರೆಂಟು ಹರಿದಾಗ ಕೂಡುವಂಥದ್ದು. ಪಂಪನ್ನು ಮೊದಲನೆಯದಕ್ಕೆ ಜೋಡಿಸಿದೆ. ಹೀಗಾಗಿ ಪಂಪ್ ನಿಲ್ಲಿಸಲು ಟೈಮರ್ ದುಡಿಯಬೇಕು. ಓಡಿಸಲು ಏನೂ ಮಾಡಬೇಕಿಲ್ಲ. ಟೈಮರಿನ ಅಡಾಪ್ಟರ್ ಕೆಟ್ಟು ಕೂತರೂ ನೀರು ಹರಿಯುತ್ತಲೇ ಇರುತ್ತದೆ.

ವಯಸ್ಸಾದವರ ಮರೆವಿಗೆ ಮನೆಗಳಲ್ಲಿ ನಾವು ಕೊಡುವ ಮದ್ದು ಸಾಮಾನ್ಯವಾಗಿ ಎರಡು: ಪದೇಪದೇ ಕೇಳುವುದು, ಇಲ್ಲವೇ ಕೆಲಸವನ್ನೇ ಕಿತ್ತುಕೊಳ್ಳುವುದು. ಮರೆತರೂ ಕೇಡಾಗದಂತೆ ಕೆಲಸವನ್ನು ಅಣಿಮಾಡಿಕೊಡುವುದು ಮೂರನೆಯದು. ಅದಕ್ಕೆ ಖರ್ಚೂ ಹೆಚ್ಚಿಲ್ಲ.

ಅಮ್ಮ ಈಗಲೂ ಒಳಗಿನಿಂದಲೇ ಕೇಳುತ್ತಾಳೆ: "ಆ ಕಪ್ಪು ಬಾಲದ್ದು ಇವತ್ತು ಸರಿಯಾಗಿ ತಿಂತಾ?" ಅಪ್ಪನ ಉತ್ತರ ದೊಡ್ಡದಾಗಿಯೇ ಬರುತ್ತದೆ, ಉದ್ದವಾಗಿಯೂ.