ಸೆನ್ಸರ್ ಬದಲಿಸೋ ಮೊದಲ ವೈರ್ ನೋಡ್ರಿ

ಸೋಯಾಬೀನ್‌ಗೆ ಔಷಧ ಹೊಡೆಯೋದು ಮುಗಿದ ಮೇಲೆ ಎರಡು ದಿನ ಕಾರಿನ ಕೆಳಗ ಮಲಗಿದ್ದೆ. ಹಳೇ ಪೆಟ್ರೋಲ್ ಗಾಡಿ ಇಟ್ಕೊಂಡವರಿಗೆ ಉಪಯೋಗ ಆದೀತಂತ ಬರೀತೀನಿ.

ಎಂಜಿನ್ ಚಿತ್ರದ ಹಳದಿ ದೀಪ ಹತ್ತಿ ತಿಂಗಳಾಗಿತ್ತು. ಓಡ್ತೈತಲ್ಲ ಅಂತ ಬಿಟ್ಟೆ. ಲೀಟರಿಗೆ 15 ಕಿಲೋಮೀಟರ್ ಕೊಡೋದು 11ಕ್ಕ ಇಳೀತು, ಸೈಲೆನ್ಸರ್ ಬಾಯಿ ಕರ್ರಗಾತು. ಅವ್ವನ್ನ ವಾರಕ್ಕ ಎರಡು ಸಲ ಡಯಾಲಿಸಿಸ್‌ಗೆ ಹುಬ್ಬಳ್ಳಿಗೆ ಕರ್ಕೊಂಡು ಹೋಗೋ ಗಾಡಿ ಅದು. ಒಂದು ಮುಂಜಾನೆ ನಡುದಾರ್ಯಾಗ ಬಂದ್ ಬಿತ್ತು. ಅವ್ವ ಏನೂ ಅನ್ನಲಿಲ್ಲ, ಸೆರಗು ಹೊದ್ಕೊಂಡು ಸುಮ್ನ ಕುಂತಳು. ಬೈದಿದ್ದರ ಚೊಲೋ ಇತ್ತು.

ಗ್ಯಾರೇಜಿನ್ಯಾಗ ಸ್ಕ್ಯಾನರ್ ಹಚ್ಚಿದ್ರು. ಏರ್-ಫ್ಯುಯೆಲ್ ಸೆನ್ಸರಿನ ಹೀಟರ್ ಲೈನ್ ದೋಷ ಅಂತ ತೋರಿಸ್ತು. "ಸೆನ್ಸರ್ ಹೋಗೈತ್ರಿ, ಥ್ರೆಡ್ ಒಂದೇ" ಅಂತ ಹೇಳಿ, ಹಳೇದರ ಸಾಕೆಟ್ ಕತ್ತರಿಸಿ ಸಾದಾ ಆಕ್ಸಿಜನ್ ಸೆನ್ಸರಿಗೆ ಜೋಡಿಸಿ ಕಳಿಸಿದ್ರು. ಎರಡು ದಿನಕ್ಕ ದೀಪ ಮತ್ತ ಹತ್ತಿತು.

ಥ್ರೆಡ್ ಒಂದೇ ಇದ್ದರೂ ಎರಡೂ ಒಂದೇ ಅಲ್ಲ. 1 ಕೆಜಿ ಪೆಟ್ರೋಲ್ ಪೂರಾ ಸುಡಾಕ ಸುಮಾರು 14.7 ಕೆಜಿ ಗಾಳಿ ಬೇಕು. ಸಾದಾ ಸೆನ್ಸರ್ ಪೆಟ್ರೋಲ್ ಹೆಚ್ಚಾತು, ಕಡಿಮಿ ಆತು, ಇಷ್ಟ ಹೇಳತೈತಿ. ಏರ್-ಫ್ಯುಯೆಲ್ ಸೆನ್ಸರ್ ಎಷ್ಟು ಹೆಚ್ಚು, ಎಷ್ಟು ಕಡಿಮಿ ಅನ್ನೋದನ್ನೂ ಹೇಳತೈತಿ. ಅದು ಕೆಂಡದಂಗ ಕಾದಾಗಷ್ಟ ಸರಿ ಹೇಳೋದು, ಅದಕ್ಕ ಒಳಗ ಹೀಟರ್. ಹೀಟರಿಗೆ ಕರೆಂಟ್ ಬರದಿದ್ರ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಸುರೀತೈತಿ.

ಮನಿಗೆ ಬಂದು, ಬೋರ್ ಪಂಪಿನ ಸ್ಟಾರ್ಟರ್ ಚೆಕ್ ಮಾಡೋ ಮೀಟರನ್ನ ಹಳೇ ಸೆನ್ಸರಿನ ಹೀಟರ್ ವೈರಿಗೆ ಹಿಡಿದೆ. ಕೆಲವು ಓಮ್ ತೋರಿಸ್ತು. ಅಂದ್ರ ಅದರ ಹೀಟರ್ ಜೀವಂತ! ಫ್ಯೂಸೂ ಸರಿ ಇತ್ತು. ವೈರ್ ಹಿಡಿದು ಹೋದರ, ಎಂಜಿನ್ ಹಿಂದ ಇಲಿ ಕಡಿದು ಹಾಕಿತ್ತು. ಹತ್ತು ನಿಮಿಷದ ಕೆಲಸ. ಆದರ ಹಳೇ ಸೆನ್ಸರಿನ ಸಾಕೆಟ್ ಹೋಗಿತ್ತಲ್ಲ, ಅದೇ ಪಾರ್ಟ್ ನಂಬರಿನ ಹೊಸದು ತರಿಸಬೇಕಾತು. ಅದರ ರೊಕ್ಕ ಇಲ್ಲಿ ಬರಿಯೋದಿಲ್ಲ, ಮನ್ಯಾಗ ಓದ್ತಾರ.

ಹಾಕೋದು ಕಠಿಣ ಅಲ್ರಿ. ರಾತ್ರಿ ಥ್ರೆಡ್ಡಿಗೆ ಜಂಗು ಬಿಡಿಸೋ ಎಣ್ಣಿ ಹೊಡೆದಿಟ್ಟು, ಮುಂಜಾನೆ ಎಂಜಿನ್ ಸ್ವಲ್ಪ ಉಗುರುಬೆಚ್ಚಗ ಮಾಡಿ 22ರ ಪಾನಾ ಹಾಕಿದೆ, ಬಿಚ್ಚಿತು. ಹೊಸದರ ತುದಿಗೆ ಎಣ್ಣಿ-ಗ್ರೀಸ್ ತಾಗಬಾರದು, ವೈರ್ ಬಿಸಿ ಪೈಪಿಗೆ ತಾಗಬಾರದು.

ಇಲಿ ಯಾಕ ಬಂತು ಅಂದ್ರ, ಗೋಂಜಾಳ ಚೀಲ ಕಾರಿನ ಬಾಜೂಕ ಒಟ್ಟಿದ್ದು ನಾನ. ಈಗ ಚೀಲ ಪಡಸಾಲಿಗೆ ಬಂದಾವು. ಅವ್ವ ಅದಕ್ಕ ಮಾತ್ರ ಬೈದಳು.