ಹಳೆಯ ಮೋಟಾರಿಗೆ ಹೊಸ ಬ್ರೇಕು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆದುಕೊಡುವ ಲೇಖನವು ಶಿಸ್ತನ್ನೋ ಸಮಯಪಾಲನೆಯನ್ನೋ ಕುರಿತದ್ದಾಗಿರುವದೆಂದು ವಾಚಕರು ಭಾವಿಸುವದು ಸಹಜ. ಈ ಸಲ ನಾನು ಮೋಟಾರುಗಾಡಿಯ ಬ್ರೇಕಿನ ವಿಷಯವಾಗಿ ಬರೆಯುತ್ತೇನೆ. ಶಾಲೆಯ ಅಂಗಳದಲ್ಲಿ ಬೇವಿನ ನೆರಳಿಗೆ ನಿಲ್ಲುವ ನನ್ನ ಹಳೆಯ ಗಾಡಿಯನ್ನು ಕಂಡು ಮುಗುಳ್ನಗದ ವಿದ್ಯಾರ್ಥಿನಿಯಿಲ್ಲ. ಅದರಿಂದ ನಾನು ಕಲಿತ ಪಾಠವೊಂದಿದೆಯೆಂಬದು ಮಾತ್ರ ಅವರಿಗೆ ತಿಳಿಯದು.

ಅದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದ ಈ ಗಾಡಿಯು 1961ರಿಂದ ಮದ್ರಾಸಿನಲ್ಲಿಯೂ ತಯಾರಾಗತೊಡಗಿತು. ಇದರ ರೂಪವನ್ನು ಕಲ್ಪಿಸಿದವನು ಇಟಲಿ ದೇಶದ ಜೊವಾನ್ನಿ ಮಿಕೆಲೊಟ್ಟಿ. ಎಂಜಿನ್ನು 948 ಸಿ.ಸಿ. ಮಾತ್ರ. ಮುಂದಿನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆಯುವದರಿಂದ, ಎಂಜಿನ್ನೂ ಮುಂದಿನ ಚಕ್ರಗಳೂ ತೆರೆದ ಪುಸ್ತಕದಂತೆ ಕಣ್ಣಿಗೆ ಬೀಳುತ್ತವೆ. ಶಿಕ್ಷಕರಾಗಿದ್ದ ನನ್ನ ತಂದೆಯವರು ಇದನ್ನು ಎರಡನೆಯ ಕೈಯಿಂದ ಕೊಂಡು, ಒಂದು ತಿರುಪನ್ನೂ ಬದಲಿಸದೆ ಮಗುವಿನಂತೆ ಕಾಪಾಡಿದರು. ಸಿಂಧನೂರಿನ ಓಣಿಗಳಲ್ಲಿ ನಾನು ಗಾಡಿ ನಡಿಸಲು ಕಲಿತದ್ದು ಇದರಲ್ಲಿಯೇ.

ಕೆಲವು ವರ್ಷಗಳ ಹಿಂದೆ, ನವೆಂಬರದ ಒಂದು ಮಳೆಯ ಸಂಜೆ, ಲಿಂಗಸುಗೂರಿನಲ್ಲಿ ನಡೆದ ಭಾಷಣಸ್ಪರ್ಧೆಯನ್ನು ಮುಗಿಸಿಕೊಂಡು ಇಬ್ಬರು ವಿದ್ಯಾರ್ಥಿನಿಯರೊಡನೆ ಊರಿಗೆ ಮರಳುತ್ತಿದ್ದೆನು. ಮಸ್ಕಿಯನ್ನು ದಾಟಿದ ಮೇಲೆ ಒಂದು ತಗ್ಗಿನಲ್ಲಿ ರಸ್ತೆಯ ಮೇಲೆ ಮೊಳಕಾಲುದ್ದ ನೀರು ಹರಿಯುತ್ತಿತ್ತು. ಅದನ್ನು ನಿಧಾನವಾಗಿ ದಾಟಿ ವೇಗ ಹೆಚ್ಚಿಸಿದೆನು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಆ ಸೀಮೆಯಲ್ಲಿ ಅದು ನೆಲ್ಲಿನ ಸುಗ್ಗಿಯ ಕಾಲ. ಮುಸ್ಸಂಜೆಯ ಮಬ್ಬಿನಲ್ಲಿ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರೊಂದು ನೆಲ್ಲಿನ ಚೀಲಗಳನ್ನು ಹೇರಿಕೊಂಡು ನಿಂತಿದ್ದದ್ದು ಫಕ್ಕನೆ ಕಾಣಿಸಿತು. ಬಲವಾಗಿ ಬ್ರೇಕನ್ನು ಒತ್ತಿದೆನು. ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು, ಗಾಡಿಯು ನಿಲ್ಲಲಿಲ್ಲ. ಗೇರನ್ನು ಕೆಳಗಿಳಿಸಿ ಕೈಬ್ರೇಕನ್ನೆಳೆದೆನು. ಟ್ರೇಲರಿಗೂ ನಮಗೂ ಒಂದು ಗೇಣು ಅಂತರ ಉಳಿದಾಗ ಗಾಡಿ ನಿಂತಿತು. ಹಿಂದೆ ಕುಳಿತಿದ್ದ ಹುಡುಗಿಯರಿಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು ಮೌನವಾಗಿದ್ದರು. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ.

ತಪ್ಪು ನನ್ನದೇ. ನಮ್ಮ ಗಾಡಿಯ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳಿದ್ದವು. ಡಬ್ಬಿಯಂತಹ ಡ್ರಮ್ಮಿನೊಳಗೆ ಎರಡು ಶೂಗಳು ಅಗಲಿ ಅದರ ಒಳಮೈಯನ್ನು ಉಜ್ಜುತ್ತವೆ. ಅದರೊಳಗೆ ಹೊಕ್ಕ ನೀರು ಬೇಗನೆ ಹೊರಬೀಳದು. ನೀರು ದಾಟಿದ ಮೇಲೆ ಪೆಡಲನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ನಡಿಸಿ ಲೈನಿಂಗುಗಳನ್ನು ಒಣಗಿಸಬೇಕೆಂದು ತಂದೆಯವರು ನೂರು ಸಲ ಹೇಳಿದ್ದರು. ನಾನು ಮರೆತಿದ್ದೆನು.

ಮರುದಿನ ಗಾಡಿಯನ್ನು ನಮ್ಮೂರ ಹಿರಿಯ ಮೇಸ್ತ್ರಿಯವರ ಬಳಿಗೊಯ್ದೆನು. ಅವರು ಡ್ರಮ್ಮನ್ನು ಬಿಚ್ಚುವ ಮೊದಲು ಧೂಳನ್ನು ನೀರಿನಿಂದ ತೋಯಿಸಿದರು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಕಲ್ನಾರು ಇರುವದುಂಟು. ಬ್ರೇಕಿನ ಎಣ್ಣೆಯು ಕಾಡಿಗೆಯಂತೆ ಕಪ್ಪಾಗಿತ್ತು. ಈ ಎಣ್ಣೆಯು ಗಾಳಿಯ ತೇವವನ್ನು ಹೀರುತ್ತದೆ. ಹೀರಿದಷ್ಟೂ ಕಡಿಮೆ ಶಾಖಕ್ಕೆ ಕುದಿಯುತ್ತದೆ. ಕುದಿದಾಗ ಹುಟ್ಟುವ ಆವಿಯು ಒತ್ತಡವನ್ನು ಚಕ್ರಕ್ಕೆ ಮುಟ್ಟಗೊಡುವದಿಲ್ಲ. ವರ್ಷಗಟ್ಟಲೆ ನಾನು ಅದನ್ನು ಬದಲಿಸಿರಲಿಲ್ಲ. ಮೇಸ್ತ್ರಿಯವರು ನನ್ನನ್ನು ನೋಡಿ, “ಅಕ್ಕೋರೆ, ಗಾಡಿ ಓಡಸೋದು ಎಂಜಿನ್ನಿನ ಕೆಲಸ, ಮನೀಗೆ ಮುಟ್ಟಸೋದು ಬ್ರೇಕಿನ ಕೆಲಸ,” ಎಂದರು.

ಇದೇ ಹೆರಾಲ್ಡಿಗೆ ಸ್ಪಿಟ್‌ಫೈರ್ ಎಂಬ ತಂಗಿಯೊಂದುಂಟು. 1962ರಲ್ಲಿ ಹುಟ್ಟಿದ ಆ ಪುಟ್ಟ ಸ್ಪೋರ್ಟ್ಸ್ ಕಾರಿನ ಮುಂದಿನ ಚಕ್ರಗಳಿಗೆ ಮೊದಲಿನಿಂದಲೂ ಡಿಸ್ಕ್ ಬ್ರೇಕುಗಳಿದ್ದವು. ಇಲ್ಲಿ ಚಕ್ರದೊಡನೆ ತಿರುಗುವ ಬಿಲ್ಲೆಯನ್ನು ಎರಡು ಪ್ಯಾಡುಗಳು ಇಕ್ಕಡೆಗಳಿಂದ ಹಿಡಿಯುತ್ತವೆ. ಬಿಲ್ಲೆಯು ಬಯಲಿಗೆ ತೆರೆದಿರುವದರಿಂದ ನೀರು ಸಿಡಿದುಹೋಗುತ್ತದೆ, ಶಾಖವು ಗಾಳಿಗೆ ಸೇರುತ್ತದೆ. ಇಂಗ್ಲೆಂಡಿನ ಲ್ಯಾಂಚೆಸ್ಟರನು ಇದಕ್ಕೆ 1902ರಲ್ಲಿಯೇ ಪೇಟೆಂಟು ಪಡೆದಿದ್ದನು. ಆದರೆ 1953ರಲ್ಲಿ ಜಾಗ್ವಾರ್ ಗಾಡಿಯು ಡಿಸ್ಕ್ ಬ್ರೇಕುಗಳ ಬಲದಿಂದ ಫ್ರಾನ್ಸಿನ ಲೆ ಮಾನ್ಸ್ ಪಂದ್ಯವನ್ನು ಗೆದ್ದ ತರುವಾಯವೇ ಲೋಕವು ಅದನ್ನು ಮನಸಾರೆ ಒಪ್ಪಿತು. ತಂಗಿಯ ಬ್ರೇಕನ್ನು ಅಕ್ಕನಿಗೆ ತೊಡಿಸಬಹುದೆಂದು ಮೇಸ್ತ್ರಿಯವರು ಹೇಳಿದರು.

ತಂದೆಯವರು ಒಪ್ಪಲಿಲ್ಲ. “ಹುಟ್ಟಿದಂತೆಯೇ ಇರುವ ಗಾಡಿ ಈ ಸೀಮೆಯಲ್ಲಿ ಇದೊಂದೇ ಅದ. ಅದನ್ನ ಕೆಡಸಬ್ಯಾಡ,” ಎಂದರು. ಆಗ ನಾನು ಮುಚ್ಚಿಟ್ಟಿದ್ದ ಆ ಸಂಜೆಯ ಸಂಗತಿಯನ್ನು ತಿಳಿಸಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಿಂದೆ ಮಕ್ಕಳಿದ್ದರೇನವ್ವಾ?” ಎಂದು ಕೇಳಿದರು. ಹೌದೆಂದೆನು. “ಹಾಗಾದರೆ ಬದಲಿಸು,” ಎಂದರು.

ಬಿಡಿಭಾಗಗಳನ್ನು ಬ್ರಿಟನ್ನಿನಿಂದ ತರಿಸಿದೆವು: ಡಿಸ್ಕುಗಳು, ಅವನ್ನು ಹಿಡಿಯುವ ಕ್ಯಾಲಿಪರುಗಳು, ಹಬ್ಬುಗಳು, ಅವುಗಳನ್ನು ಹೊರುವ ನಿಲುಗಂಬಗಳು. ಡಿಸ್ಕಿಗೆ ಒಪ್ಪುವ ಮಾಸ್ಟರ್ ಸಿಲಿಂಡರನ್ನೂ ಹಾಕಬೇಕಾಯಿತು; ಪಾಸ್ಕಲನ ನಿಯಮವನ್ನು ಓದಿದ ಹುಡುಗಿಯರಿಗೆ ಅದರ ಕಾರಣವು ತಿಳಿದೀತು. ಆ ಕಾಲದ ಗಾಡಿಯಲ್ಲಿ ನಾಲ್ಕು ಚಕ್ರಗಳಿಗೂ ಎಣ್ಣೆಯ ದಾರಿ ಒಂದೇ; ಒಂದು ಕೊಳವೆ ಒಡೆದರೆ ಪೆಡಲಿನ ಬ್ರೇಕೆಲ್ಲ ಹೋದಂತೆಯೇ. ಆದಕಾರಣ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಿಸಿದೆನು. ಹಿಂದಿನ ಚಕ್ರಗಳಿಗೆ ಡ್ರಮ್ಮುಗಳನ್ನೇ ಉಳಿಸಿದೆವು. ಬ್ರೇಕು ಹಾಕಿದಾಗ ಗಾಡಿಯ ಭಾರವು ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರಗಳು ಮೊದಲು ಬಿಗಿದುಕೊಂಡರೆ ಗಾಡಿಯೇ ಅಡ್ಡ ತಿರುಗುವದು.

ಒಂದು ಮುಂಜಾನೆ ಬರಿದಾದ ರಸ್ತೆಯಲ್ಲಿ ಪರೀಕ್ಷಿಸಿದೆವು. ನಿಜ ಹೇಳಬೇಕೆಂದರೆ, ಒಣ ನೆಲದ ಮೊದಲ ನಿಲುಗಡೆಯಲ್ಲಿ ಹೆಚ್ಚಿನ ಭೇದವು ಕಾಣಲಿಲ್ಲ. ಕಾಲಿನ ಒತ್ತು ಮಾತ್ರ ಮೊದಲಿಗಿಂತ ಹೆಚ್ಚು ಬೇಕಾಯಿತು. ಡ್ರಮ್ಮಿನ ಶೂ ತಿರುಗುವ ಡ್ರಮ್ಮಿನಿಂದಲೇ ಇನ್ನಷ್ಟು ಬಿಗಿಯಾಗುವದುಂಟು, ಡಿಸ್ಕಿಗೆ ಆ ಸಹಾಯವಿಲ್ಲ. ಆದರೆ ಏಳೆಂಟು ಸಲ ಸಾಲಾಗಿ ನಿಲ್ಲಿಸಿದಾಗಲೂ, ನೀರು ಎರಚಿ ನಿಲ್ಲಿಸಿದಾಗಲೂ, ಗಾಡಿಯು ಮೊದಲ ಸಲದಂತೆಯೇ ನಿಂತಿತು. ಒಳ್ಳೆಯ ದಿನದಲ್ಲಿ ಎಲ್ಲ ಬ್ರೇಕೂ ಒಳ್ಳೆಯದೇ. ಅದರ ಯೋಗ್ಯತೆಯು ಕೆಟ್ಟ ದಿನದಲ್ಲಿ ಗೊತ್ತಾಗುವದು.

ಹೊಸ ಬ್ರೇಕು ಬಂತೆಂದು ನಾನು ಧೈರ್ಯದಿಂದ ವೇಗ ಹೆಚ್ಚಿಸಿಲ್ಲ. ಗಂಟೆಗೆ 40 ಕಿಲೋಮೀಟರಿನಿಂದ 60ಕ್ಕೆ ಏರಿದರೆ, ಬ್ರೇಕು ಶಾಖವಾಗಿ ಕರಗಿಸಬೇಕಾದ ಚಲನಶಕ್ತಿಯು ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. 60ರ ವೇಗದಲ್ಲಿ, ಕಣ್ಣು ಕಂಡದ್ದು ಕಾಲಿಗೆ ತಿಳಿಯುವ ಒಂದು ಸೆಕೆಂಡಿನಲ್ಲಿಯೇ ಗಾಡಿಯು 16 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಆ ಒಂದು ಸೆಕೆಂಡನ್ನು ಯಾವ ಕಾರಖಾನೆಯೂ ಮಾರುವದಿಲ್ಲ.

ಬಿಚ್ಚಿದ ಡ್ರಮ್ಮುಗಳಿಗೆ ತಂದೆಯವರು ಎಣ್ಣೆ ಸವರಿ, ಗೋಣೀಚೀಲದಲ್ಲಿ ಸುತ್ತಿ, ತಮ್ಮ ಮಂಚದ ಕೆಳಗಿಟ್ಟಿದ್ದಾರೆ. ಬೇಕೆಂದರೆ ಒಂದು ದಿನದಲ್ಲಿ ಮರಳಿ ಜೋಡಿಸಬಹುದು. ಚೌಕಟ್ಟಿಗೆ ಒಂದು ತೂತನ್ನೂ ಕೊರೆದಿಲ್ಲ. ಕಳೆದ ವರುಷ ಅವರನ್ನು ಮುಂದೆ ಕೂಡಿಸಿಕೊಂಡು ಮಸ್ಕಿಯವರೆಗೆ ಹೋದೆನು. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನವು ಬೆಳಕಿಗೆ ಬಂದ ಬೆಟ್ಟವನ್ನು ಕಂಡು, ಆ ತಗ್ಗಿನ ದಾರಿಯಲ್ಲಿ ಮರಳಿದೆವು. ಅಂದೂ ಅಲ್ಲಿ ನೀರಿತ್ತು. ದಾಟಿದ ಮೇಲೆ ಅವರು ಏನನ್ನೂ ಹೇಳಲಿಲ್ಲ. ಆದರೆ ನನ್ನ ಕಾಲಿನ ಕಡೆಗೆ ನೋಡಿದರು. ನಾನು ಪೆಡಲನ್ನು ಮೆಲ್ಲಗೆ ಒತ್ತುತ್ತಲಿದ್ದೆನು.

ಹಿರಿಯರಿಂದ ಬಂದದ್ದನ್ನು ಬಂದಂತೆಯೇ ಇಡುವದು ಗೌರವವೆಂದು ನಾನು ಬಹುಕಾಲ ನಂಬಿದ್ದೆನು. ಪರರ ಮಕ್ಕಳನ್ನು ಅದರಲ್ಲಿ ಕೂಡಿಸಿಕೊಂಡು ಹೋಗುವವಳಿಗೆ ಅಷ್ಟು ಗೌರವವು ಸಾಲದು. ಅದರ ರೂಪವನ್ನು ಉಳಿಸಬೇಕು. ಅದರ ಕುಂದನ್ನು ತಿದ್ದಬೇಕು. ಕಲಿಸಿದವರ ಮಾತನ್ನು ಮರೆಯದಿರಬೇಕು. ಇನ್ನು ಮುಂದೆ ಬೇವಿನ ಕೆಳಗೆ ನನ್ನ ಗಾಡಿಯನ್ನು ಕಂಡಾಗ ನಮ್ಮ ಹುಡುಗಿಯರು ಧಾರಾಳವಾಗಿ ನಗಲಿ. ಅದು ಅವರಿಗಾಗಿಯೇ ಬದಲಾದ ಗಾಡಿ.